ದಡವೆಂಬುದು ಬರಿಯ ಬಯಲಲ್ಲ

ಬೆಂಗಳೂರಿಗೆ ಕಡಲಿಲ್ಲ, ಆದರೆ ದಡಗಳಿಗೇನೂ ಕೊರತೆಯಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬಂದು ಲಿಂಗರಾಜಪುರ, ಕಮ್ಮನಹಳ್ಳಿ, ಬಾಣಸವಾಡಿಗಳಲ್ಲಿ ನೆಲೆನಿಂತಿರುವ ನಮ್ಮ ಕುಟುಂಬಗಳಿಗೆ ಕಡಲ ದಡದಲ್ಲಿ ಮನೆ ಕಟ್ಟುವುದರ ತಾಪತ್ರಯ ತಿಳಿದೇ ಇದೆ. 1991ರಲ್ಲಿ ಕೇಂದ್ರ ಸರ್ಕಾರವು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿ, ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರುಗಳವರೆಗೆ ಹೊಸ ಕಟ್ಟಡಗಳನ್ನು ನಿರ್ಬಂಧಿಸಿತು. 2019ರ ಅಧಿಸೂಚನೆಯಲ್ಲಿ, ಜನದಟ್ಟಣೆಯುಳ್ಳ ಗ್ರಾಮಗಳ ಮಟ್ಟಿಗೆ ಆ 200 ಮೀಟರು 50ಕ್ಕೆ ಇಳಿಯಿತು. ಕಡಲು ತನ್ನ ಜಾಗದಲ್ಲಿಯೇ ಇತ್ತು. ಇಳಿದದ್ದು ಕಾಗದದ ಮೇಲಿನ ಗೆರೆ ಮಾತ್ರ.

ಇದೇ ಬಗೆಯ ಜಗ್ಗಾಟ ಈಗ ನಮ್ಮ ಕೆರೆಗಳ ದಡಕ್ಕೂ ಬಂದಿದೆ. 2025ರ ಆಗಸ್ಟ್ ತಿಂಗಳಲ್ಲಿ ರಾಜ್ಯ ವಿಧಾನಮಂಡಲವು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಗೆ ತಿದ್ದುಪಡಿಯೊಂದನ್ನು ಅಂಗೀಕರಿಸಿತು. ಎಲ್ಲ ಕೆರೆಗಳಿಗೂ ಒಂದೇ ಅಳತೆಯ ಮೀಸಲು ವಲಯ ಬೇಡ, ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇರಲಿ ಎಂಬುದು ಅದರ ಸಾರ. ದೊಡ್ಡ ಕೆರೆಗೆ 30 ಮೀಟರು, ಚಿಕ್ಕದಕ್ಕೆ ಅದಕ್ಕಿಂತ ಕಡಿಮೆ, ತೀರ ಚಿಕ್ಕದಕ್ಕೆ ಏನೂ ಇಲ್ಲ. ಮೇಲುನೋಟಕ್ಕೆ ಇದು ನ್ಯಾಯವೆಂದೇ ತೋರುತ್ತದೆ. ಚಿಕ್ಕ ಮಗುವಿಗೆ ಚಿಕ್ಕ ಅಂಗಿ ಸಾಕಲ್ಲವೇ ಎಂದು ಕೇಳಿದಂತೆ. ಆದರೆ ಕೆರೆಯೆಂಬುದು ಒಂಟಿಯಾಗಿ ಬದುಕುವ ವಸ್ತುವಲ್ಲ ಎಂಬ ಸಂಗತಿಯನ್ನು ಈ ವಾದ ಮರೆಯುತ್ತದೆ. ದಡದಲ್ಲಿರುವುದು ನೀರೊಂದೇ ಅಲ್ಲ ಎಂಬ ಮತ್ತೊಂದು ಸಂಗತಿಯನ್ನಂತೂ ಅದು ನೆನೆಯುವುದೇ ಇಲ್ಲ. ಈ ವಾರ ನಾವು ಬರೆಯಹೊರಟಿರುವುದು ಮುಖ್ಯವಾಗಿ ಆ ಎರಡನೆಯ ಸಂಗತಿಯನ್ನು ಕುರಿತು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಇಂದಿರಾನಗರ, ದೊಮ್ಮಲೂರುಗಳ ತೆಂಕಣಕ್ಕೆ ಅಗರ ಮತ್ತು ಬೆಳ್ಳಂದೂರು ಕೆರೆಗಳಿವೆ. ಇವೆರಡರ ನಡುವಣ ತಗ್ಗಿನ ಜೌಗು ನೆಲದಲ್ಲಿ, ಸುಮಾರು 72 ಎಕರೆಗಳಲ್ಲಿ, ವಿಶೇಷ ಆರ್ಥಿಕ ವಲಯ, ವಸತಿ ಸಮುಚ್ಚಯ, ಹೋಟೆಲು, ಮಳಿಗೆಗಳ ಸಂಕೀರ್ಣ ಇವೆಲ್ಲವನ್ನೂ ಕಟ್ಟುವ ಯೋಜನೆಗಳನ್ನು ಮಂತ್ರಿ ಟೆಕ್‌ಜೋನ್ ಮತ್ತು ಕೋರ್ ಮೈಂಡ್ ಎಂಬ ಸಂಸ್ಥೆಗಳು ಕೈಗೊಂಡಿದ್ದವು. ನೆಲವನ್ನು ಒದಗಿಸಿದ್ದು ಬೇರೆ ಯಾರೂ ಅಲ್ಲ, ಸರ್ಕಾರದ್ದೇ ಆದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ಫಾರ್ವರ್ಡ್ ಫೌಂಡೇಶನ್ ಮೊದಲಾದ ನಾಗರಿಕ ಸಂಸ್ಥೆಗಳು ಇದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಪ್ರಶ್ನಿಸಿದವು. 2015ರ ಮೇ 7ರಂದು ಬಂದ ಆದೇಶದಲ್ಲಿ ಯೋಜನಾ ವೆಚ್ಚದ ಶೇಕಡಾ 5ರಷ್ಟನ್ನು ಪರಿಸರ ಪರಿಹಾರವಾಗಿ ಕಟ್ಟಬೇಕೆಂದು ವಿಧಿಸಲಾಯಿತು. ಮೊದಲನೆಯ ಸಂಸ್ಥೆಯ ಪಾಲಿಗೆ ಅದು 117.35 ಕೋಟಿ ರೂಪಾಯಿ. 2016ರ ಮೇ 4ರ ಆದೇಶದಲ್ಲಿ ಮಂಡಳಿಯು ಮತ್ತೊಂದು ಹೆಜ್ಜೆ ಮುಂದಿಟ್ಟು, ಕೆರೆಯ ಕಡೆಗೆ ಬಿದ್ದಿದ್ದ 3 ಎಕರೆ 10 ಗುಂಟೆ ನೆಲವನ್ನು ಸಹಜ ಸ್ಥಿತಿಗೆ ತರಬೇಕೆಂದೂ, ಬೆಂಗಳೂರಿನ ಎಲ್ಲ ಕೆರೆಗಳ ಸುತ್ತ 75 ಮೀಟರು, ಪ್ರಧಾನ ರಾಜಕಾಲುವೆಗೆ 50, ದ್ವಿತೀಯಕ್ಕೆ 35, ತೃತೀಯಕ್ಕೆ 25 ಮೀಟರು ಬಿಡಬೇಕೆಂದೂ ಹೇಳಿತು. ಅದುವರೆಗೆ ನಗರ ಯೋಜನೆಯಲ್ಲಿ ಇದ್ದದ್ದು ಕೆರೆಗೆ 30, ಕಾಲುವೆಗಳಿಗೆ 50, 25, 15.

ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್ 5ರಂದು ಈ ಹೊಸ ಅಳತೆಗಳನ್ನು ರದ್ದುಪಡಿಸಿತು. ಇದನ್ನು ಓದಿ, ಕೆರೆಗೆ 75 ಮೀಟರು ಅನಗತ್ಯವೆಂದು ನ್ಯಾಯಾಲಯವೇ ಹೇಳಿತೆಂದು ಹಲವರು ಅರ್ಥೈಸಿದರು. ಹಾಗಲ್ಲ. ಶಾಸನಬದ್ಧವಾದ ನಗರ ಯೋಜನೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದಷ್ಟೇ ಅಲ್ಲಿ ತೀರ್ಮಾನವಾದದ್ದು. ಯಾರು ಅಳೆಯಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತು; ಎಷ್ಟು ಅಳೆಯಬೇಕೆಂಬ ಪ್ರಶ್ನೆ ಶಾಸಕರ ಅಂಗಳಕ್ಕೆ ಮರಳಿತು. 2025ರಲ್ಲಿ ಅವರು ಕೊಟ್ಟ ಉತ್ತರವನ್ನು ಮೇಲೆ ಹೇಳಿದ್ದೇವೆ.

ನೀರಿನ ಮಾತನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಈ ದಿಬ್ಬದ ಊರಿಗೆ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ: ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ. ನಮ್ಮ ಪೂರ್ವಿಕರು ಪ್ರತಿಯೊಂದು ಇಳಿಜಾರಿಗೂ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಸೇರುವಂತೆ ಸರಪಣಿ ಮಾಡಿದರು. ಜಯಮಹಲ್, ಶಿವಾಜಿನಗರದ ಕಡೆ ಸುರಿದ ಮಳೆ ಹಲಸೂರು, ದೊಮ್ಮಲೂರುಗಳ ಹಾದಿಯಾಗಿ ಬೆಳ್ಳಂದೂರಿಗೆ ಹರಿಯುತ್ತದೆ. ಅಲ್ಲಿಂದ ವರ್ತೂರು, ಬಳಿಕ ದಕ್ಷಿಣ ಪಿನಾಕಿನಿ, ಕಡೆಗೆ ತಮಿಳುನಾಡು. ನಾಗವಾರದ ಕಡೆಯ ನೀರು ಹೆಬ್ಬಾಳ ಕಣಿವೆಯಲ್ಲಿ ಇಳಿದು ಕೃಷ್ಣರಾಜಪುರದ ಬಳಿಯ ಎಲೆಮಲ್ಲಪ್ಪಶೆಟ್ಟಿ ಕೆರೆಯನ್ನು ಸೇರುತ್ತದೆ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರದಲ್ಲಿ ಕಾವಿ ಉಟ್ಟು ನೆರೆಯುವ ಭಕ್ತರು ಎಷ್ಟೋ ವರ್ಷ ಮಳೆಯಲ್ಲಿ ತೊಯ್ದಿದ್ದಾರೆ. ಆ ಮಳೆಯ ನೀರು ಮುಂದೆ ಎಲ್ಲಿಗೆ ಹೋಯಿತೆಂದು ಕೇಳಿಕೊಂಡವರು ವಿರಳ.

ಎರಡು ಕೆರೆಗಳ ನಡುವಣ ಜೌಗು ಈ ಸರಪಣಿಯ ಕೊಂಡಿ. ಮಳೆ ಹೆಚ್ಚಾದ ದಿನ ನೀರು ಅಲ್ಲಿ ಹರಡಿಕೊಳ್ಳುತ್ತದೆ, ಹೂಳು ಅಲ್ಲಿ ತಂಗುತ್ತದೆ, ಆಪು–ಜೊಂಡುಗಳ ಬೇರು ಕೊಳೆಯ ಒಂದಷ್ಟು ಭಾಗವನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ನೆಲ ದನಗಳಿಗೆ ಹುಲ್ಲುಗಾವಲು. ಅಲ್ಲಿಗೆ ಮಣ್ಣು ತುಂಬಿ, ಮೂರು ನಾಲ್ಕು ಅಂತಸ್ತು ಆಳಕ್ಕೆ ವಾಹನ ನಿಲ್ದಾಣ ಅಗೆದರೆ ನೀರಿನ ಹಾದಿ ತಪ್ಪುತ್ತದೆ. ತಪ್ಪಿದ ನೀರು ಮಾಯವಾಗುವುದಿಲ್ಲ. ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತಂದದ್ದನ್ನು ಎಲ್ಲರೂ ಕಂಡರು. ಅದಕ್ಕೂ ಮುನ್ನ, 2015ರ ಮೇ ತಿಂಗಳಲ್ಲಿ, ಯಮಲೂರು ಕೋಡಿಯ ಬಳಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತ್ತು. 2018ರ ಜನವರಿಯಲ್ಲಿ ಕೆರೆಯೊಳಗಿನ ಒಣಹುಲ್ಲು ಹೊತ್ತಿಕೊಂಡಾಗ ಸೈನಿಕರು ಬಂದು ಆರಿಸಬೇಕಾಯಿತು. ನೊರೆಗೆ ಕಾರಣ ನಮ್ಮ ಬಚ್ಚಲು, ಶೌಚಾಲಯಗಳ ಶುದ್ಧೀಕರಿಸದ ನೀರು, ಬಟ್ಟೆ ತೊಳೆಯುವ ಪುಡಿ. ಇದರಲ್ಲಿ ಕಟ್ಟಡ ಕಟ್ಟುವವರು ಮಾತ್ರ ಹೊಣೆಗಾರರೆಂದರೆ ಅದು ಅನ್ಯಾಯದ ಮಾತು.

ಇಷ್ಟು ಪರಿಸರದ ಕಥೆ, ಬಹುಮಟ್ಟಿಗೆ ಪತ್ರಿಕೆಗಳಲ್ಲಿ ಬಂದದ್ದು. ದಡಕ್ಕೆ ಇನ್ನೊಂದು ಕಥೆಯಿದೆ.

ಅಗರದಲ್ಲಿ ಗಂಗರ ಕಾಲದ, ಒಂಬತ್ತನೆಯ ಶತಮಾನದ ಶಾಸನವೊಂದಿದೆಯೆಂದು ಎಪಿಗ್ರಾಫಿಯ ಕರ್ನಾಟಿಕದಲ್ಲಿ ದಾಖಲಾಗಿದೆ. ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣದಲ್ಲಿ ಹೊಸದಾಗಿ ಒಂದು ಕೆರೆ ಕಟ್ಟಿಸಿದವನಿಗೆ ಆ ಮೂರೂ ಕೆರೆಗಳ ಬಿತ್ತುವಟ್ಟ ದೊರೆತದ್ದನ್ನು ಅದು ಹೇಳುತ್ತದೆ. ಬಿತ್ತುವಟ್ಟವೆಂದರೆ ಕೆರೆಯನ್ನು ಕಟ್ಟಿ ಕಾಪಾಡುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಯ ಹಕ್ಕು. ಅಂದರೆ ಇಂದು ಎಷ್ಟು ಮೀಟರೆಂದು ಜಗಳವಾಡುತ್ತಿರುವ ಕಣಿವೆಯಲ್ಲಿಯೇ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೆರೆಯ ಹಣಕಾಸಿನ ವ್ಯವಸ್ಥೆಯನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದರು. ಇನ್ನಷ್ಟು ಪೂರ್ವಕ್ಕೆ, ಕಾಡುಗೋಡಿಯಲ್ಲಿ, 1043ರ ಚೋಳರ ಕಾಲದ ಶಾಸನ ಪಟ್ಟಂದೂರಿನ ಕೆರೆ ಕಟ್ಟಿಸಿ ತೂಬುಗಳನ್ನಿಟ್ಟ ವಿಚಾರವನ್ನು ತಿಳಿಸುತ್ತದೆ. ವಿಮಾನ ಕಾರ್ಖಾನೆಯ ಹತ್ತಿರದ ವಿಭೂತಿಪುರದಲ್ಲಿ, ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ 1307ರ ತಮಿಳು ಶಾಸನವಿದೆ. ಕಾಡು ಕಡಿದು, ನೆಲ ಸಮಮಾಡಿ, ಊರು ಕಟ್ಟಿ, ಮರಳು ತೆಗೆದು ಕೆರೆ ಮಾಡಿದ ಕ್ರಮವನ್ನೇ ಅದು ವಿವರಿಸುತ್ತದೆ. ಕನ್ನಡ, ತಮಿಳೆಂದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಆಗಾಗ ಬಿಸಿಯೇರುವುದುಂಟು. ಈ ಕೆರೆಗಳು ಎರಡೂ ಭಾಷೆಗಳಲ್ಲಿ ಲೆಕ್ಕ ಬರೆಸಿಕೊಂಡಿವೆ ಎಂಬುದನ್ನು ಇಲ್ಲಿ ಮೆಲ್ಲನೆ ನೆನಪಿಸುತ್ತೇವೆ.

ಇನ್ನೂ ಹಿಂದಕ್ಕೆ ಹೋಗಬಹುದು. ಕೋರಮಂಗಲದಲ್ಲಿ ಕಬ್ಬಿಣ ಯುಗದ ಸಮಾಧಿಗಳಿದ್ದವು. 1891ರಲ್ಲಿ ಯಶವಂತಪುರದ ಬಳಿ ರೈಲು ದಾರಿಗಾಗಿ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳ ಗಡಿಗೆ ಸಿಕ್ಕಿತು. ಅಗಸ್ಟಸನ ಜೊತೆಗೆ ತಿಬೇರಿಯಸನ ನಾಣ್ಯಗಳೂ ಅದರಲ್ಲಿದ್ದವು. ಯಾವ ಚಕ್ರವರ್ತಿಯ ಆಳಿಕೆಯಲ್ಲಿ ಪ್ರಭು ಕ್ರಿಸ್ತರು ಶಿಲುಬೆಯ ಮರಣವನ್ನಪ್ಪಿದರೋ ಅವನ ಮುಖಮುದ್ರೆಯ ಬೆಳ್ಳಿ ಈ ಮಣ್ಣಿನಲ್ಲಿ ಹುದುಗಿತ್ತೆಂಬುದು ಶುಭಸಂದೇಶವನ್ನು ಓದುವ ಯಾರಿಗಾದರೂ ಸೋಜಿಗವೇ. 1965ರಲ್ಲಿ ನಮ್ಮ ಪೂರ್ವಭಾಗದಲ್ಲಿಯೇ, ವಿಮಾನ ಕಾರ್ಖಾನೆಯ ಪ್ರದೇಶದಲ್ಲಿ, ಇಂಥವೇ 256 ಬೆಳ್ಳಿ ನಾಣ್ಯಗಳು ದೊರೆತವು. 2010ರಲ್ಲಿ ಹಲಸೂರಿನ ಸೋಮೇಶ್ವರ ಗುಡಿಯ ಎದುರು ನೆಲ ಅಗೆದಾಗ ಮಣ್ಣಿನಡಿ ಮುಚ್ಚಿಹೋಗಿದ್ದ ಪುರಾತನ ಕಲ್ಯಾಣಿ ಬೆಳಕಿಗೆ ಬಂತು. 2018ರಲ್ಲಿ ಹೆಬ್ಬಾಳದಲ್ಲಿ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು, ಬೆಂಗಳೂರಿನ ಅತಿ ಹಳೆಯ ಕನ್ನಡ ಬರಹಗಳಲ್ಲಿ ಒಂದು, ಅಗೆತದ ವೇಳೆ ಹೊರಬಂದು ಉಳಿಯಿತು. ಉಳಿದದ್ದು ನಾಗರಿಕರು ಅದನ್ನು ಗುರುತಿಸಿದ್ದರಿಂದ.

ಗುರುತಿಸುವವರಿಲ್ಲದ ಕಡೆ ಏನಾಗುತ್ತದೆ? ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದ್ದು 1905ರಲ್ಲಿ. ಅದರಲ್ಲಿ ಅಚ್ಚಾದ ಕಲ್ಲುಗಳಲ್ಲಿ ಎಷ್ಟೋ ಇಂದು ಹೇಳಿದ ಸ್ಥಳದಲ್ಲಿಲ್ಲ. ಪುಸ್ತಕದಲ್ಲಿ ಪಾಠ ಉಳಿದಿದೆಯಲ್ಲ, ಕಲ್ಲು ಹೋದರೇನೆಂದು ಕೇಳುವವರುಂಟು. ಕೆರೆಯ ಶಾಸನ ಕೆರೆಯ ಬಳಿ ನಿಂತಾಗ ಮಾತ್ರ ಅದು ಪತ್ರ. ಮೂಡಣವೆಂದರೆ ಯಾವುದರ ಮೂಡಣ, ತೂಬೆಂದರೆ ಯಾವ ತೂಬೆಂಬುದು ನೆಲದ ಮೇಲೆ ನಿಂತು ನೋಡಿದರೆ ಮಾತ್ರ ತಿಳಿಯುತ್ತದೆ. ಕಿತ್ತು ಬೇರೆಡೆ ನಿಲ್ಲಿಸಿದರೆ ಅದು ಅಲಂಕಾರದ ಕಲ್ಲು. ಅದೇ ರೀತಿ ಶಾಸನ ಕಳೆದುಕೊಂಡ ಕೆರೆಯನ್ನು ಸರ್ಕಾರಿ ಹೊಂಡವೆಂದು ಸಾಧಿಸುವುದು ಬಹಳ ಸುಲಭ. ನೀರಿಗೆ ಸಾಕ್ಷಿ ಕಲ್ಲು, ಕಲ್ಲಿಗೆ ಅರ್ಥ ನೀರು.

ಕಾನೂನು ಮಾತ್ರ ಇವೆರಡನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧ, ಅದರಾಚೆ 200 ಮೀಟರು ನಿಯಂತ್ರಣ. ಆದರೆ ಅದು ಪಟ್ಟಿಯಲ್ಲಿ ಹೆಸರಿರುವ ಸ್ಮಾರಕಗಳಿಗೆ. ಕೆರೆಯೇರಿಯ ಮೇಲೆ ಅರಳಿಯ ಬುಡದಲ್ಲಿ ಒರಗಿರುವ, ಪಟ್ಟಿಯಲ್ಲಿಲ್ಲದ ಕಲ್ಲಿಗೆ ಒಂದು ಮೀಟರೂ ಇಲ್ಲ. ಇನ್ನೊಂದು ಕಡೆ, 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೆ ಪರಿಸರ ಅನುಮೋದನೆ ಕಡ್ಡಾಯ. ಆದರೆ ಕಟ್ಟಡ ಮತ್ತು ಬಡಾವಣೆ ಯೋಜನೆಗಳಿಗೆ ಸಾರ್ವಜನಿಕರ ಅಹವಾಲು ಕೇಳುವ ಹಂತದಿಂದ ಅದೇ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ಗಣಿಗೆ, ಕಾರ್ಖಾನೆಗೆ ಊರವರನ್ನು ಕೇಳಬೇಕು. ಸಾವಿರ ಮನೆಗಳ ಸಮುಚ್ಚಯಕ್ಕೆ ಕೇಳಬೇಕಾಗಿಲ್ಲ. ಆ ಕಲ್ಲು ಎಲ್ಲಿದೆ, ಆ ಹಳ್ಳ ಎತ್ತ ಹರಿಯುತ್ತಿತ್ತೆಂದು ಬಲ್ಲವರು ಊರಿನ ಹಿರಿಯರು. ಅವರ ಬಾಯಿಯನ್ನು ಮೊದಲೇ ಮುಚ್ಚಿದಂತಾಯಿತು. ಈ ವಿನಾಯಿತಿಯೇ ಇಡೀ ವ್ಯವಸ್ಥೆಯ ದೊಡ್ಡ ದೋಷವೆಂದು ನಾವು ಎಣಿಸುತ್ತೇವೆ. ಮೀಸಲು ವಲಯ 30 ಮೀಟರೋ 75 ಮೀಟರೋ ಎಂಬ ವಾದಕ್ಕಿಂತಲೂ ಇದು ಗಂಭೀರವಾದದ್ದು.

ಮೂಲದಲ್ಲಿ ಇರುವುದು ನೋಟದ ದೋಷ. ದಡವನ್ನು ನಾವು ‘ಖಾಲಿ ಜಾಗ’ ಎನ್ನುತ್ತೇವೆ. ತತ್ವಶಾಸ್ತ್ರದ ತರಗತಿಯಲ್ಲಿ ಮೊದಲು ಕಲಿಸುವ ಪಾಠಗಳಲ್ಲಿ ಒಂದು, ಅಭಾವವೆಂಬುದು ವಸ್ತುವಿನ ಗುಣವಲ್ಲ, ನಾವು ಅದರಲ್ಲಿ ಏನನ್ನು ನಿರೀಕ್ಷಿಸಿದೆವೋ ಅದಕ್ಕೆ ಸಂಬಂಧಿಸಿದ್ದು ಎಂಬುದು. ಮನೆಯನ್ನು ನಿರೀಕ್ಷಿಸುವವನಿಗೆ ಜೌಗು ಖಾಲಿ. ಹುಲ್ಲನ್ನು ನಿರೀಕ್ಷಿಸುವವನಿಗೆ ತುಂಬಿದ್ದು. ಕಂದಾಯ ಇಲಾಖೆಯ ಭಾಷೆಯಲ್ಲಂತೂ ಹಳ್ಳ, ಕೆರೆ, ದಾರಿ, ಸ್ಮಶಾನ ಇವೆಲ್ಲಕ್ಕೂ ಒಂದೇ ಹೆಸರು: ‘ಬ’ ಖರಾಬು. ತೆರಿಗೆ ತಾರದ ನೆಲವೆಂಬುದು ಇದರ ಅರ್ಥ, ಕೆಟ್ಟ ನೆಲವೆಂದಲ್ಲ. ನಮ್ಮ ಹಿರಿಯರು ಮಲಗಿರುವ ನೆಲವೂ ಆ ಲೆಕ್ಕದಲ್ಲಿ ಖರಾಬೇ! ಖಾಸಗಿ ಒಡೆತನವನ್ನು ಒಪ್ಪಿದ ಸಂತ ತೋಮಾಸ್ ಅಕ್ವಿನಾಸರೇ, ಬಳಕೆಯ ವಿಚಾರದಲ್ಲಿ ಮನುಷ್ಯನು ತನ್ನ ಸೊತ್ತನ್ನು ಎಲ್ಲರದೆಂಬಂತೆ ಕಾಣಬೇಕೆಂದು ವಾದಿಸಿದರು. ದಡದಂಥ ನೆಲಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅಹಾಬ ರಾಜನಿಗೆ ನಾಬೋತನ ದ್ರಾಕ್ಷಿತೋಟ ಅರಮನೆಗೆ ಹತ್ತಿರವಿದ್ದ ಒಳ್ಳೆಯ ನಿವೇಶನವಾಗಿ ಕಂಡಿತು. ನಾಬೋತನಿಗೆ ಅದು ಪಿತ್ರಾರ್ಜಿತ. ಇಬ್ಬರೂ ನೋಡಿದ್ದು ಒಂದೇ ನೆಲವನ್ನು.

ಜಗದ್ಗುರು ಫ್ರಾನ್ಸಿಸರ ‘ಲೌದಾತೊ ಸಿ’ ವಿಶ್ವಪತ್ರದ ಮೇಲಿನ ದಿನಾಂಕ 2015ರ ಮೇ 24. ಹಸಿರು ಮಂಡಳಿಯ ಮೊದಲ ಆದೇಶವೂ ಬೆಳ್ಳಂದೂರಿನ ನೊರೆಯ ಬೆಂಕಿಯೂ ಅದೇ ತಿಂಗಳಿನವು. ಆ ಪತ್ರದ 143ನೆಯ ಕಂಡಿಕೆಯಲ್ಲಿ, ಪ್ರಕೃತಿಯ ಸೊತ್ತಿನ ಜೊತೆಜೊತೆಗೇ ಚರಿತ್ರೆಯ, ಸಂಸ್ಕೃತಿಯ ಸೊತ್ತೂ ಅಪಾಯದಲ್ಲಿದೆಯೆಂದು ಅವರು ಬರೆದರು. ನಮ್ಮ ಧರ್ಮಕೇಂದ್ರಗಳಲ್ಲಿ ಆ ಪತ್ರದ ಹೆಸರಿನಲ್ಲಿ ಗಿಡ ನೆಟ್ಟದ್ದು ಒಳ್ಳೆಯದೇ. 143ನೆಯ ಕಂಡಿಕೆಯನ್ನು ಅಷ್ಟಾಗಿ ಓದಿದಂತಿಲ್ಲ.

ಈಗ ಎದುರು ವಾದ. ಮನೆ ಬೇಡವೇ? ಬೇಕು. ಮದುವೆಯ ಪ್ರಕಟಣೆ ಓದಿಸಿಕೊಂಡ ಯುವ ದಂಪತಿಗಳು ತಮ್ಮ ಸಂಬಳದ ಅರ್ಧವನ್ನು ಬಾಡಿಗೆಗೆ ಸುರಿಯುವುದನ್ನು ಪ್ರತಿಯೊಬ್ಬ ಧರ್ಮಗುರುವೂ ಬಲ್ಲ. ಅವರಿಗೆ ಕೆರೆಯ ಶಾಸನದ ಉಪದೇಶ ಮಾಡುವುದು ಸುಲಭದ ಕೆಲಸವಲ್ಲ. ಅಲ್ಲದೆ ಕೆರೆ ನುಂಗಿದವರಲ್ಲಿ ಖಾಸಗಿಯವರಷ್ಟೇ ಇಲ್ಲ. ಧರ್ಮಾಂಬುಧಿ ಕೆರೆಯಂಗಳ ಕೇಂದ್ರ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದ ಕೆರೆಯಂಗಳದಲ್ಲಿ ಎದ್ದ ಮನೆಗಳು ಸರ್ಕಾರದ್ದೇ ಯೋಜನೆ. ನಮ್ಮದೇ ಕ್ಷೇತ್ರದ ಕಾಚರಕನಹಳ್ಳಿ ಕೆರೆಯ ಅಂಗಳವನ್ನು ಹೋಗಿ ನೋಡಿದವರಿಗೆ ವಿವರಣೆ ಬೇಕಿಲ್ಲ. 2017ರ ಕೋಳಿವಾಡ ಸಮಿತಿಯ ವರದಿಯೂ ಸರ್ಕಾರಿ ಸಂಸ್ಥೆಗಳು, ಖಾಸಗಿಯವರು ಇಬ್ಬರ ಒತ್ತುವರಿಯನ್ನೂ ಎತ್ತಿ ತೋರಿಸಿತು. ಹೀಗಿರುವಾಗ ಬಡವನ ಗುಡಿಸಿಲನ್ನು ಮಾತ್ರ ಒತ್ತುವರಿಯೆಂದು ಕೆಡವುವ ಶೌರ್ಯವನ್ನು ನಾವು ಮೆಚ್ಚಲಾರೆವು. ನಮ್ಮ ಸಮುದಾಯವೂ ಶಾಲೆ, ಸಭಾಂಗಣ, ಆಸ್ಪತ್ರೆಗಳನ್ನು ಕಟ್ಟುತ್ತದೆ. ಬೇರೆಯವರಿಗೆ ಹೇಳುವ ನಿಯಮ ಅವಕ್ಕೂ ಸಲ್ಲಬೇಕು.

ಆದರೂ ಮನೆ ಬೇಕೆಂಬುದರಿಂದ ಜೌಗಿನಲ್ಲಿಯೇ ಬೇಕೆಂಬುದು ಸಿದ್ಧವಾಗುವುದಿಲ್ಲ. ಕೆರೆಯ ನೋಟವೆಂದು ಹೆಚ್ಚಿನ ಬೆಲೆಗೆ ಮಾರುವ ಸಮುಚ್ಚಯಗಳಲ್ಲಿ ಬಾಡಿಗೆಗೆ ತತ್ತರಿಸುವ ದಂಪತಿಗಳಿಗೆ ಜಾಗವಿರುವುದೂ ಅಪರೂಪ.

2025ರ ಸೆಪ್ಟೆಂಬರಿನಲ್ಲಿ ಹಳೆಯ ಮಹಾನಗರ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾದವು. ಹೊಸ ಪಾಲಿಕೆಗಳ ವಾರ್ಡು ಸಮಿತಿಗಳ ಮುಂದೆ ಎರಡು ಬೇಡಿಕೆಗಳನ್ನು ಇಡಬಹುದು: ಕೆರೆ ಮತ್ತು ರಾಜಕಾಲುವೆಯ ಬಳಿ ದೊಡ್ಡ ವಸತಿ ಯೋಜನೆ ಬಂದಾಗ ಊರವರ ಅಹವಾಲು ನಡೆಯಬೇಕು, ಮೊದಲ ಹಾರೆ ಬೀಳುವ ಮುನ್ನ ಪುರಾತತ್ವ ಇಲಾಖೆಯವರು ಆ ನೆಲವನ್ನು ನಡೆದು ನೋಡಿ, ಕಂಡ ಕಲ್ಲುಗಳನ್ನು ನಕ್ಷೆಯಲ್ಲಿ ಗುರುತಿಸಬೇಕು. ಖರ್ಚು ದೊಡ್ಡದಲ್ಲ. ಯೋಜನೆ ಕೆಲವು ವಾರ ತಡವಾದೀತು.

ಮನೆ ಕೊಳ್ಳಹೊರಟ ಕುಟುಂಬಗಳಿಗೆ ಒಂದು ವ್ಯಾವಹಾರಿಕ ವಿಚಾರ. ರಾಜ್ಯದ ಭೂಮಾಪನ ಇಲಾಖೆಯ ‘ದಿಶಾಂಕ್’ ಎಂಬ ಉಚಿತ ಮೊಬೈಲ್ ಸಾಧನದಲ್ಲಿ, ನೀವು ನಿಂತ ಜಾಗದ ಸರ್ವೆ ನಂಬರನ್ನೂ ಹಳೆಯ ಗ್ರಾಮ ನಕ್ಷೆಯಲ್ಲಿ ಅಲ್ಲಿ ಕೆರೆ, ಹಳ್ಳ, ಖರಾಬು ಇತ್ತೇ ಎಂಬುದನ್ನೂ ನೋಡಬಹುದು. ಮಾದರಿ ಮನೆಯ ತಂಪು ಕೋಣೆಯಲ್ಲಿ ಕುಳಿತು ನೋಡಿದರೆ ಸಾಲದು. ನಿವೇಶನದ ಹಿಂಬದಿಯ ಗೋಡೆಯವರೆಗೆ ನಡೆದು, ನೀರು ಹರಿಯುವ ಕಡೆ ನಿಂತು ನೋಡಬೇಕು. ಮಳೆ ಬಂದ ಮರುದಿನ ಹೋದರೆ ಇನ್ನೂ ಒಳ್ಳೆಯದು. ಪಕ್ಕದ ಹಳ್ಳಿಯ ಹಿರಿಯರೊಬ್ಬರನ್ನು ಮಾತಿಗೆಳೆದು, ಇಲ್ಲಿ ಮೊದಲು ಏನು ಬೆಳೆಯುತ್ತಿದ್ದರು, ಬರೆದ ಕಲ್ಲೇನಾದರೂ ಇತ್ತೇ ಎಂದು ಕೇಳಿ. ಭತ್ತ ಬೆಳೆಯುತ್ತಿದ್ದೆವೆಂದರೆ ಅದು ಅಚ್ಚುಕಟ್ಟು. ಏನೂ ಬೆಳೆಯುತ್ತಿರಲಿಲ್ಲ, ದನ ಮೇಯಿಸುತ್ತಿದ್ದೆವೆಂದರೆ ಅದು ಕೆರೆಯಂಗಳವಿರಬಹುದು. ಮುಂಗಡ ಹಣ ಕೊಡುವುದು ಆ ಮೇಲೆ.